ಜೋಗ ನೋಡಿಯಾಯಿತು, ಇನ್ನು ಮಲೆನಾಡಿನಲ್ಲಿ ಎಲ್ಲಿಗೆ?

ಪ್ರಶ್ನೆ: ನಾವು ಬೆಂಗಳೂರಿನವರು. ಜೋಗ, ಆಗುಂಬೆ, ಸಕ್ರೆಬೈಲು ಎಲ್ಲ ನೋಡಿದ್ದೇವೆ. ನವೆಂಬರ್‌ನಲ್ಲಿ ನಾಲ್ಕು ದಿನ ರಜೆ ಇದೆ. ನಾನು, ನನ್ನ ಗಂಡ, 64 ವರ್ಷದ ಅಮ್ಮ ಕಾರಿನಲ್ಲಿ ಶಿವಮೊಗ್ಗ ಕಡೆಗೇ ಬರಬೇಕೆಂದಿದ್ದೇವೆ. ಫೋನಿನಲ್ಲಿ ಎಷ್ಟು ಹುಡುಕಿದರೂ ಅದೇ ಹತ್ತು ಜಾಗ ಬರುತ್ತವೆ. ಊರಿನವರು ಹೋಗುವ ಅಂಗಡಿ, ಪ್ರವಾಸಿಗರು ಹೋಗದ ಜಾಗ ಕಂಡುಹಿಡಿಯುವುದು ಹೇಗೆ? ಅಮ್ಮನಿಗೆ ಮಂಡಿನೋವು, ಬೆಟ್ಟ ಹತ್ತುವುದು ಆಗುವುದಿಲ್ಲ.

ಉತ್ತರ: ಮೊದಲು ಹೇಳುವ ಮಾತು ಇದು. ಜಾಗ ಹುಡುಕಬೇಡಿ. ಒಂದು ವಸ್ತುವಿನ ಬೆನ್ನು ಹತ್ತಿ. ಮಲೆನಾಡಿನಲ್ಲಿ ಅಡಿಕೆ, ಮಾವಿನ ಮಿಡಿ, ಬಟ್ಟೆ, ಕತ್ತಿ, ಬುಟ್ಟಿ, ಯಾವುದಾದರೂ ಆಗಬಹುದು. ಅದು ಎಲ್ಲಿ ಬೆಳೆಯುತ್ತದೆ, ಯಾರು ಮಾಡುತ್ತಾರೆ, ಎಲ್ಲಿ ಮಾರುತ್ತಾರೆ ಎಂದು ಕೇಳುತ್ತಾ ಹೋದರೆ ಊರಿನವರ ಅಂಗಡಿಗಳೂ ಸಿಗುತ್ತವೆ, ಪಟ್ಟಿಯಲ್ಲಿ ಇಲ್ಲದ ಊರುಗಳೂ ಸಿಗುತ್ತವೆ.

ಯಾಕೆ ಹೀಗೆ ಹೇಳುತ್ತೇನೆಂದರೆ, ಇಲ್ಲಿಯವರನ್ನು ನಿಲ್ಲಿಸಿ "ನೋಡೋಕೆ ಏನಿದೆ?" ಎಂದು ಕೇಳಿದರೆ "ಜೋಗ ನೋಡಿದ್ರಾ?" ಎಂದೇ ಕೇಳುತ್ತಾರೆ. ತಾವು ದಿನಾ ಓಡಾಡುವ ಕೆರೆ ಏರಿ, ಶೆಟ್ಟರ ಅಂಗಡಿ, ಹಳೇ ಬಸದಿ ಇವನ್ನೆಲ್ಲ ದೂರದವರು ಬಂದು ನೋಡುತ್ತಾರೆ ಅಂತ ಅವರಿಗೆ ಅನಿಸಿರುವುದೇ ಇಲ್ಲ. ಅದೇ ಮನುಷ್ಯರನ್ನು "ನಿಮ್ಮನೇಲಿ ಉಪ್ಪಿನಕಾಯಿಗೆ ಮಿಡಿ ಎಲ್ಲಿಂದ ತರ್ತೀರಿ?" ಎಂದು ಕೇಳಿ ನೋಡಿ. ಮಾತು ತೆರೆದುಕೊಳ್ಳುತ್ತದೆ. ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಪರಿಮಳದ ಮಾವಿನ ಮಿಡಿ, ಬೇಸಿಗೆಯ ಶುರುವಿನಲ್ಲಿ ರಿಪ್ಪನ್‌ಪೇಟೆಗೆ ಬರುತ್ತದೆ, ಒಳ್ಳೆಯ ಮರಗಳು ಹೊಳೆ ದಂಡೆಯಲ್ಲಿ ಇರುತ್ತವೆ, ಒಂದು ಮರದ ಮಿಡಿಯ ಪರಿಮಳ ಇನ್ನೊಂದಕ್ಕೆ ಬರುವುದಿಲ್ಲ, ಜೀರಿಗೆ ವಾಸನೆಯ ಮಿಡಿಯೇ ಬೇರೆ. ಹೀಗೆ ಹೇಳುತ್ತಾ ಹೇಳುತ್ತಾ "ನಮ್ಮ ಚಿಕ್ಕಮ್ಮನ ಮನೆಯಲ್ಲಿ ಭರಣಿಗಟ್ಟಲೆ ಹಾಕ್ತಾರೆ, ಮಾರ್ತಾರೆ ಕೂಡ" ಎಂಬಲ್ಲಿಗೆ ಬರುತ್ತಾರೆ. ನವೆಂಬರ್‌ನಲ್ಲಿ ಹಸಿ ಮಿಡಿ ಸಿಗುವುದಿಲ್ಲ. ಆದರೆ ವರ್ಷ ಕಳೆದ ಉಪ್ಪಿನಕಾಯಿ ಸಿಗುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದರಿಂದ ಹೆದ್ದಾರಿ ಬದಿಯಲ್ಲಿ ಆ ಹೆಸರಿನ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಮನೆಯಲ್ಲಿ ಹಾಕಿದ್ದನ್ನು ಮೂಸಿ ನೋಡಿದ ಮೇಲೆ ಆ ಬಾಟಲಿ ಕೊಳ್ಳಲು ನಿಮಗೆ ಮನಸ್ಸಾಗುವುದಿಲ್ಲ.

ನೀವು ಬರುವುದು ನವೆಂಬರ್‌ನಲ್ಲಿ. ಹಾಗಾಗಿ ನಿಮಗೆ ನಾನು ಕೊಡುವ ವಸ್ತು ಅಡಿಕೆ. ಅದು ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಕಾಲ. ಇಡೀ ಜಿಲ್ಲೆ ಅದರ ಹಿಂದೆ ಓಡುತ್ತಿರುತ್ತದೆ. ತೋಟದಲ್ಲಿ ಕೊನೆಗಾರರು ಮರ ಹತ್ತಿರುತ್ತಾರೆ. ಅಂಗಳದಲ್ಲಿ ಹೆಂಗಸರು ಗಂಡಸರು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ, ರಾತ್ರಿ ಹೊತ್ತಾದರೂ ಲೈಟು ಹಾಕಿಕೊಂಡು ಕೆಲಸ ನಡೆದಿರುತ್ತದೆ. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿ ಉಳಿದ ಕಡುಗೆಂಪು ನೀರೇ ಚೊಗರು. ಅದು ಅಡಿಕೆಗೆ ಬಣ್ಣ ಕೊಡುತ್ತದೆ. ಆಮೇಲೆ ಚಪ್ಪರದ ಮೇಲೆ ಹರಡಿ ಒಣಗಿಸುತ್ತಾರೆ. ಸಾಗರದ ಕಡೆ ಕೆಲವರು ಕಾಯಿ ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಒಣಗಿಸಿ, ಕೊನೆಗೆ ಸುಲಿದು ಚಾಲಿ ಮಾಡುತ್ತಾರೆ. ರಸ್ತೆಯಲ್ಲಿ ಹೋಗುವಾಗ ಆ ಚೊಗರಿನ ಒಗರು ವಾಸನೆ ಕಾರಿನೊಳಗೂ ಬರುತ್ತದೆ.

ಇದನ್ನು ನೋಡಲು ಟಿಕೆಟ್ ಇಲ್ಲ, ಬೋರ್ಡ್ ಇಲ್ಲ. ಚಪ್ಪರ ಕಂಡ ಮನೆಯ ಮುಂದೆ ಕಾರು ನಿಲ್ಲಿಸಿ, ದಣಪೆಯ, ಅಂದರೆ ಬೇಲಿಯ ಗೇಟಿನ, ಹೊರಗೇ ನಿಂತು "ಅಮ್ಮಾ, ಅಡಿಕೆ ಬೇಯಿಸೋದು ಒಂಚೂರು ನೋಡಬಹುದಾ?" ಎಂದು ಕೇಳಿ. ಅಮ್ಮನನ್ನು ಮುಂದೆ ಬಿಡಿ, ಅವರು ಮಾತಾಡಲಿ. ಹೆಚ್ಚಿನ ಮನೆಗಳಲ್ಲಿ ಮೊದಲ ಪ್ರಶ್ನೆ "ಯಾವ ಊರಾಯ್ತು?" ಎಂದಿರುತ್ತದೆ, ಎರಡನೆಯದು "ಆಸರಿಗೆ ಏನು ಬೇಕು?" ಎಂದು, ಅಂದರೆ ಕುಡಿಯಲು ಏನು ಕೊಡಲಿ ಅಂತ. ಕೆಲಸದ ಮಧ್ಯೆ ಅವರಿಗೆ ಬಿಡುವು ಕಡಿಮೆ. ಹದಿನೈದು ನಿಮಿಷ ನೋಡಿ, ಮಾತಾಡಿ ಹೊರಡಿ. ಫೋಟೊ ಬೇಕಾದರೆ ಕೇಳಿಯೇ ತೆಗೆಯಿರಿ. ಕೆಲಸಕ್ಕೆ ಬಂದ ಹೆಂಗಸರನ್ನಂತೂ ಅವರನ್ನೇ ಕೇಳಬೇಕು, ಮನೆ ಯಜಮಾನರ ಒಪ್ಪಿಗೆ ಸಾಲದು.

ಈ ಅಡಿಕೆ ಒಣಗಿದ ಮೇಲೆ ಶಿವಮೊಗ್ಗದ ಎಪಿಎಂಸಿಗೋ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹೋಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬೇರೆ ಬೇರೆ ಬಗೆಗೆ ಬೇರೆ ಬೇರೆಯಾಗಿ ಧಾರಣೆ ಕೂಗುತ್ತಾರೆ. ಮಲೆನಾಡಿನ ಮನೆಗಳಲ್ಲಿ ಮದುವೆ, ಮನೆ ರಿಪೇರಿ, ಮಕ್ಕಳ ಫೀಸು ಎಲ್ಲ ಈ ಧಾರಣೆಯ ಮೇಲೆ ನಿಂತಿವೆ. ಮಂಡಿಯ ಸುತ್ತಮುತ್ತ ಇರುವ ಅಂಗಡಿಗಳನ್ನು ನೋಡಿ. ಕೊಯ್ಲಿನ ಹಗ್ಗ, ಗೋಣಿಚೀಲ, ಕತ್ತಿ, ಕತ್ತಿ ಸಿಕ್ಕಿಸಿಕೊಳ್ಳುವ ಕೊಕ್ಕೆ ಮಾರುವ ಅಂಗಡಿಗಳು. ಬೆಂಗಳೂರಿನ ಅಡುಗೆಮನೆಗೆ ಒಂದು ಒಳ್ಳೆಯ ಕತ್ತಿ ಕೊಂಡೊಯ್ಯಿರಿ, ತೆಂಗಿನಕಾಯಿ ಒಡೆಯಲು ಅದಕ್ಕಿಂತ ಬೇರೆ ಬೇಡ. ಹತ್ತಿರದಲ್ಲಿ ಚಾ ಅಂಗಡಿ ಇದ್ದೇ ಇರುತ್ತದೆ. ಅಡಿಕೆ ಮಾರಿ ಬಂದ ರೈತರು ಅಲ್ಲಿ ಕೂತಿರುತ್ತಾರೆ. ಇಡೀ ತಾಲ್ಲೂಕಿನ ಸುದ್ದಿ ಅಲ್ಲಿ ಸಿಗುತ್ತದೆ: ಯಾವ ಊರಲ್ಲಿ ಯಾವತ್ತು ಸಂತೆ, ಯಾವ ದೇವಸ್ಥಾನದಲ್ಲಿ ದೀಪೋತ್ಸವ, ಎಲ್ಲಿ ರಾತ್ರಿ ಯಕ್ಷಗಾನ.

ಇನ್ನು ಚೊಗರಿನ ಜಾಡು ಹಿಡಿದರೆ ಅದು ಹೆಗ್ಗೋಡಿಗೆ ಹೋಗುತ್ತದೆ. ಸಾಗರದ ಹತ್ತಿರ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರಿ ಸಂಘವಿದೆ. ಕೈಮಗ್ಗದಲ್ಲಿ ನೇಯುತ್ತಾರೆ, ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿಯಂಥ ನೈಸರ್ಗಿಕ ಬಣ್ಣ ಹಾಕುತ್ತಾರೆ. ಬೆಳಗ್ಗೆ ಹಂಡೆಯಲ್ಲಿ ಕಂಡ ಆ ಕೆಂಪು ಮಧ್ಯಾಹ್ನ ಸೀರೆಯಲ್ಲಿ ಕಂಡಾಗ ಆಗುವ ಖುಷಿಯೇ ಬೇರೆ. ನಿಮಗೆ ಬೇಕಾದ 'ಊರಿನ ಅಂಗಡಿ' ಅಂದರೆ ನನ್ನ ಮಟ್ಟಿಗೆ ಇದೇ. ಬೆಲೆ ಗಿರಣಿ ಬಟ್ಟೆಗಿಂತ ಜಾಸ್ತಿ. ದಯವಿಟ್ಟು ಚೌಕಾಸಿ ಮಾಡಬೇಡಿ. ಅದು ನೂಲು ಸುತ್ತುವ, ಬಣ್ಣ ಅದ್ದುವ, ನೇಯುವ ಎಷ್ಟೋ ಕೈಗಳ ಕೂಲಿ.

ಅಲ್ಲೇ ಹೆಗ್ಗೋಡಿನಲ್ಲಿ ನೀನಾಸಂ ಇದೆ. 1949ರಲ್ಲಿ ಹಳ್ಳಿಯವರೇ ಕಟ್ಟಿದ ನಾಟಕ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀವು ಹೋದ ದಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕವಿದ್ದರೆ ಬೇರೆಲ್ಲ ಬಿಟ್ಟು ಕೂರಿ. ಸುತ್ತಲಿನ ಹಳ್ಳಿಗಳಿಂದ ಕೆಲಸ ಮುಗಿಸಿ ಬಂದವರು ಪಕ್ಕದಲ್ಲಿ ಕೂತು ನಾಟಕ ನೋಡುವುದು ನಿಮ್ಮ ನಗರದಲ್ಲಿ ಸಿಗುವಂಥದ್ದಲ್ಲ.

ಸಾಗರ, ಸೊರಬದ ಹಳ್ಳಿಗಳಲ್ಲಿ ದೀವರು ಎಂಬ ಸಮುದಾಯದವರ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರ ಕಾಣುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬರುವುದರಿಂದ, ನೀವು ಹೋದಾಗ ಕೆಲವು ಮನೆಗಳಲ್ಲಿ ಬುಟ್ಟಿ ಇನ್ನೂ ಹೊಸದಾಗಿರುತ್ತದೆ. ಚಿತ್ತಾರ ಬರೆಯುವ ಹೆಂಗಸರು ಈಗ ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದು ಕೊಡುವುದೂ ಉಂಟು. ಹೆಗ್ಗೋಡಿನಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಅವರಿಂದಲೇ ನೇರವಾಗಿ ಕೊಳ್ಳಿ.

ಸಾಗರ ಪೇಟೆಯಲ್ಲಿ ಗುಡಿಗಾರರ ಕೆತ್ತನೆಯೂ ನೋಡುವಂಥದ್ದೇ. ಗಂಧದ ಮರದ ಕೆತ್ತನೆಗೆ ಅವರ ಕೈ ಹೆಸರುವಾಸಿ. ಒಂದು ಎಚ್ಚರ ಮಾತ್ರ ಇರಲಿ. ರಸ್ತೆ ಬದಿಯಲ್ಲಿ ಅಗ್ಗಕ್ಕೆ 'ಗಂಧದ್ದು' ಎಂದು ಮಾರುವುದು ಸಾಮಾನ್ಯವಾಗಿ ಬೇರೆ ಮರಕ್ಕೆ ಎಣ್ಣೆ ಹಚ್ಚಿದ್ದು. ಕೆತ್ತುವವರ ಎದುರು ಕೂತು, ಮರ ಯಾವುದು ಎಂದು ಕೇಳಿ, ರಸೀದಿ ಪಡೆದು ಕೊಳ್ಳಿ. ಶಿವನಿ ಮರದ ಕೆತ್ತನೆಯೂ ಚೆನ್ನಾಗಿರುತ್ತದೆ, ಬೆಲೆಯೂ ಕೈಗೆಟಕುತ್ತದೆ.

ಇಷ್ಟೆಲ್ಲ ಒಂದು ಅಡಿಕೆಯಿಂದ ಶುರುವಾಗಿದ್ದು, ಅಲ್ವಾ?

ಈಗ ತಂಗುವ ವಿಷಯ. ಕಾಡಿನ ನಡುವಿನ ರೆಸಾರ್ಟ್ ಬೇಡ, ತಾಲ್ಲೂಕು ಪೇಟೆಯಲ್ಲಿ ಉಳಿಯಿರಿ. ನಿಮಗೆ ಸಾಗರ ಸರಿ. ರೆಸಾರ್ಟಿನಲ್ಲಿ ಉಳಿದರೆ ಬೆಳಗಿನ ತಿಂಡಿಯಿಂದ ರಾತ್ರಿಯ ಬೆಂಕಿವರೆಗೆ ಎಲ್ಲ ಗೇಟಿನ ಒಳಗೇ ಮುಗಿಯುತ್ತದೆ. ಪೇಟೆಯಲ್ಲಿ ಉಳಿದರೆ ಬೆಳಗ್ಗೆ ಏಳಕ್ಕೆ ಎದ್ದು ಬಸ್‌ಸ್ಟ್ಯಾಂಡ್ ಹಿಂದಿನ ಸಣ್ಣ ಹೋಟೆಲಿಗೆ ಹೋಗಬಹುದು. ಅಂಥ ಹೋಟೆಲುಗಳಿಗೆ ಬೋರ್ಡ್ ಒಂದಿರುತ್ತದೆ, ಜನ ಕರೆಯುವ ಹೆಸರು ಇನ್ನೊಂದಿರುತ್ತದೆ: ಭಟ್ಟರ ಹೋಟ್ಲು, ಕಾಮತರ ಹೋಟ್ಲು, ಅಕ್ಕನ ಹೋಟ್ಲು. ಜನ ಕರೆಯುವ ಹೆಸರು ಫೋನಿನಲ್ಲಿ ಇರುವುದಿಲ್ಲ. ಆಟೊದವರನ್ನು "ನೀವು ತಿಂಡಿ ಎಲ್ಲಿ ತಿಂತೀರಿ ಅಣ್ಣಾ?" ಎಂದು ಕೇಳುವುದೇ ದಾರಿ. ನೀರುದೋಸೆ, ಕಡುಬು ಇರುವುದು ಬೆಳಗ್ಗೆ ಮಾತ್ರ, ಒಂಬತ್ತೂವರೆ ಆದರೆ ಖಾಲಿ. ಊಟ ಎರಡೂವರೆಗೆ ಮುಗಿಯುತ್ತದೆ. ಸಂಜೆ ನಾಲ್ಕಕ್ಕೆ ಬನ್ಸು, ಬಜ್ಜಿ. ಈ ಹೊತ್ತು ತಪ್ಪಿಸಿಕೊಂಡವರೇ ಕೊನೆಗೆ ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಗೋಬಿ ಮಂಚೂರಿ ತಿನ್ನುವುದು. ತಂಬುಳಿ ಇದೆಯಾ ಎಂದು ಕೇಳಿ ನೋಡಿ. ಮೆನುವಿನಲ್ಲಿ ಇಲ್ಲದಿದ್ದರೂ ಒಳಗೆ ಮನೆಯವರಿಗೆಂದು ಮಾಡಿರುತ್ತಾರೆ.

ಒಂದು ದಿನ ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಬಸ್ ಹತ್ತಿ. ಮಲೆನಾಡಿನ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು. ಶಿವಮೊಗ್ಗದಲ್ಲಿ ಅವಕ್ಕೆ ಬೇರೆಯೇ ನಿಲ್ದಾಣವಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಸಿಕ್ಕಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಇಲ್ಲಿ ಟಿಕೆಟ್ ತೆಗೆಸಬೇಕು. ಕಂಡಕ್ಟರ್ ಅಂದರೆ ಈ ಕಡೆ ಅರ್ಧ ಅಂಚೆಯವರಿದ್ದ ಹಾಗೆ. ಔಷಧಿ, ಪೇಪರು, ಮಿಕ್ಸಿ ರಿಪೇರಿ, ಮದುವೆ ಕಾಗದ ಎಲ್ಲ ಅವರ ಕೈಯಲ್ಲಿ ಹಳ್ಳಿಗೆ ಹೋಗುತ್ತವೆ. ಮುಂದಿನ ಸೀಟಿನಲ್ಲಿ ಕೂತು ಮಾತಿಗಿಳಿಯಿರಿ. ಸಂತೆ ದಿನ ಆಗಿದ್ದರೆ ಇನ್ನೂ ಒಳ್ಳೆಯದು, ಬಸ್ಸೇ ಸಂತೆಯಾಗಿರುತ್ತದೆ. ವೀಳ್ಯದೆಲೆ ಕಟ್ಟು, ಬಿದಿರಿನ ಬುಟ್ಟಿ, ಒಣಮೀನು, ಜೋನಿ ಬೆಲ್ಲದ ಡಬ್ಬಿ ಎಲ್ಲ ಇಳಿಯುವಾಗ ನೀವೂ ಅವರ ಹಿಂದೆಯೇ ಇಳಿಯಿರಿ. ಹತ್ತುವ ಮೊದಲು ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡಿರಬೇಕು. ಕೆಲವು ಹಳ್ಳಿಗಳಿಗೆ ಸಂಜೆಯ ಬಸ್ಸು ಹಾಲ್ಟಿಂಗ್ ಬಸ್ಸು. ಅದು ಅಲ್ಲೇ ಮಲಗಿ ಮರುದಿನ ಬೆಳಗ್ಗೆ ಹೊರಡುತ್ತದೆ.

ಫೋನನ್ನು ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಹುಡುಕುವ ರೀತಿ ಬದಲಿಸಿ. ನಕ್ಷೆ ತೆರೆದು, ಕನ್ನಡದಲ್ಲೇ 'ಬಸದಿ', 'ವೀರಗಲ್ಲು', 'ಕೊಳ', 'ಶಾಸನ' ಎಂದು ಟೈಪ್ ಮಾಡಿ. ಊರಿನ ಹುಡುಗರು ಗುರುತು ಹಾಕಿದ ಎಷ್ಟೋ ಜಾಗಗಳು ಆಗ ಕಾಣುತ್ತವೆ. ಆನಂದಪುರದ ಹತ್ತಿರದ ಚಂಪಕ ಸರಸಿ ಕೊಳ, ಹೊಸಗುಂದದ ಉಮಾಮಹೇಶ್ವರ ದೇವಸ್ಥಾನ ಮತ್ತು ಅದರ ಸುತ್ತಲಿನ ದೇವರ ಕಾಡು, ವರದಾ ನದಿ ಹುಟ್ಟುವ ವರದಾಮೂಲ, ಇವು ಯಾವುವೂ ಗುಟ್ಟಿನ ಜಾಗಗಳಲ್ಲ. ಶಿವಮೊಗ್ಗದಿಂದ ಜೋಗಕ್ಕೆ ಓಡುವ ಕಾರುಗಳು ಬದಿಗೆ ತಿರುಗುವುದಿಲ್ಲ, ಅಷ್ಟೆ. ಸಣ್ಣ ದೇವಸ್ಥಾನದ ಬಾಗಿಲು ಹಾಕಿದ್ದರೆ ಹತ್ತಿರದ ಮನೆಯಲ್ಲಿ ಕೇಳಿ, ಬೀಗದಕೈ ಯಾರ ಹತ್ತಿರ ಇದೆ ಎಂದು ಹೇಳುತ್ತಾರೆ.

ಬೇಡ ಎನ್ನುವ ಕೆಲವು ವಿಷಯಗಳನ್ನೂ ಖಡಾಖಂಡಿತ ಹೇಳುತ್ತೇನೆ. 'ಯಾರಿಗೂ ಗೊತ್ತಿಲ್ಲದ ಫಾಲ್ಸ್' ಎಂಬ ವಿಡಿಯೊ ನೋಡಿ ಕಾಡಿಗೆ ಇಳಿಯಬೇಡಿ. ನವೆಂಬರ್‌ನಲ್ಲೂ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಜಾರಿ ಸತ್ತವರಿದ್ದಾರೆ. ತೇವ ಇರುವ ಕಡೆ ಇಂಬಳ, ಅಂದರೆ ಜಿಗಣೆ, ಹತ್ತುತ್ತವೆ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತವೆ, ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಉಣುಗು, ಅಂದರೆ ಉಣ್ಣೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ. ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ಅದರ ಕಾಲ. ಒಣಗಿದ ಎಲೆಯ ಮೇಲೆ ಕೂರಬೇಡಿ, ಕಾಡಂಚಿಗೆ ಹೋದರೆ ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಊರಿನವರು ಒಂದು ಕಡೆ ಹೋಗಬೇಡಿ ಎಂದರೆ ಕಾರಣ ಕೇಳದೆ ಹಿಂದಿರುಗಿ.

ಚೌಡಿ ಬನ, ಭೂತನ ಬನ ಎಂಬ ದೇವರ ಕಾಡುಗಳ ಒಳಗೆ ಕೇಳದೆ ಕಾಲಿಡಬೇಡಿ. ಕೆಲವು ಕಡೆ ಚಪ್ಪಲಿ ಬಿಟ್ಟು ಹೋಗಬಹುದು, ಕೆಲವು ಕಡೆ ಹೊರಗಿನವರು ಹೋಗುವಂತೆಯೇ ಇಲ್ಲ. ಶಿವಮೊಗ್ಗದ ಹತ್ತಿರದ ಮತ್ತೂರಿನ ಬಗ್ಗೆ ಒಂದು ಮಾತು: ಸಂಸ್ಕೃತದ ಊರು ಎಂದು ಕ್ಯಾಮೆರಾ ಹಿಡಿದು ಮನೆ ಮನೆಯೊಳಗೆ ಇಣುಕುವವರು ಜಾಸ್ತಿಯಾಗಿದ್ದಾರೆ. ಅದು ಜನ ಬದುಕುವ ಊರು. ಸುಮ್ನೆ ನೋಡಿ ಬರುವುದಕ್ಕಾದರೆ ಹೋಗಲೇಬೇಡಿ. ಹಾಗೆಯೇ ನಿಮಗೆ ಒಬ್ಬರು ತಮ್ಮ ಮನೆಯಂಗಳ, ತೋಟದ ಹೊಳೆ ತೋರಿಸಿದರೆ ಅದರ ಗುರುತನ್ನು ಜಾಲತಾಣದಲ್ಲಿ ಹಾಕಬೇಡಿ. ಮುಂದಿನ ಭಾನುವಾರ ಅವರ ತೋಟದಲ್ಲಿ ಬಾಟಲಿ ಆಯುವ ಕೆಲಸ ಅವರದಾಗುತ್ತದೆ.

ಕೈಯಲ್ಲಿ ನೂರರ ನೋಟುಗಳಿರಲಿ. ಗೂಡಂಗಡಿಯಲ್ಲೂ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ಆದರೆ ನೆಟ್‌ವರ್ಕ್ ಇರುವುದಿಲ್ಲ.

ನಿಮ್ಮ ನಾಲ್ಕು ದಿನಕ್ಕೆ ಬರೋಣ. ತೀರ್ಥಹಳ್ಳಿ ಕಡೆ ಈ ಸಲ ಬಿಡಿ. ಅಲ್ಲಿನ ಕವಲೇದುರ್ಗದ ಕೋಟೆಗೆ ಹತ್ತಬೇಕು, ಅಮ್ಮನಿಗೆ ಆಗದು. ಮೊದಲ ದಿನ ಶಿವಮೊಗ್ಗ. ಮಧ್ಯಾಹ್ನದ ಹೊತ್ತಿಗೆ ಅಡಿಕೆ ಮಂಡಿ, ಸಂಜೆ ಗಾಂಧಿ ಬಜಾರ್. ಬಜಾರಿನ ಮುಖ್ಯ ರಸ್ತೆಗಿಂತ ಪಕ್ಕದ ಕೇರಿಗಳಲ್ಲಿ ನಡೆಯಿರಿ, ಪಾತ್ರೆ, ಬಳೆ, ಪೂಜೆ ಸಾಮಾನು, ಮಂಡಕ್ಕಿ ಎಲ್ಲ ಅಲ್ಲಿವೆ. ಮರುದಿನ ಬೆಳಗ್ಗೆ ಕೂಡ್ಲಿಗೆ ಹೋಗಿ ಬನ್ನಿ. ತುಂಗೆ, ಭದ್ರೆ ಸೇರುವ ಜಾಗ, ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ. ಆಮೇಲೆ ಸಾಗರದ ದಾರಿ ಹಿಡಿದು, ಆನಂದಪುರದಲ್ಲಿ ಚಂಪಕ ಸರಸಿ ಕೊಳದ ಕಡೆ ತಿರುಗಿ ನೋಡಿಕೊಂಡು, ಸಂಜೆಗೆ ಸಾಗರ ಸೇರಿ.

ಮೂರನೆಯ ದಿನ ಪೂರ್ತಿ ಸಾಗರದ ಸುತ್ತ. ಹೆಗ್ಗೋಡು, ಆಮೇಲೆ ಕೆಳದಿ, ಇಕ್ಕೇರಿ. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆ ರಾಜ್ಯ ಮುಗಿಯಿತು. ಕೆಳದಿಯ ದೇವಸ್ಥಾನದ ಒಳಚಾವಣಿಯಲ್ಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡದಿದ್ದರೆ ತಪ್ಪಿಹೋಗುತ್ತದೆ. ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮುಂದೆ ದೊಡ್ಡ ನಂದಿ, ವಿಶಾಲ ಅಂಗಳ. ಎರಡೂ ಕಡೆ ಬೆಟ್ಟ ಹತ್ತುವ ಕೆಲಸವಿಲ್ಲ, ಅಮ್ಮ ನಿಧಾನವಾಗಿ ಓಡಾಡಬಹುದು.

ಕೊನೆಯ ದಿನ ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ. ಸೊರಬದ ಮೇಲೆ ಶಿರಾಳಕೊಪ್ಪಕ್ಕೆ ಹೋಗಿ. ಕಾಡು, ಜಲಪಾತ ಇಲ್ಲವೆಂದು ಈ ಕಡೆ ಯಾರೂ ಬರುವುದಿಲ್ಲ. ಆದರೆ ಕನ್ನಡನಾಡಿನ ಚರಿತ್ರೆ ಶುರುವಾಗುವುದೇ ಇಲ್ಲಿಂದ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಮೇಲೆ ಕದಂಬರ ಮಯೂರಶರ್ಮನ ಕಥೆ ಕೆತ್ತಿದೆ: ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಅವಮಾನವಾಗಿದ್ದು, ಕತ್ತಿ ಹಿಡಿದಿದ್ದು. ಅದನ್ನು ಬರೆದ ಕವಿ ಕುಬ್ಜ. ಹತ್ತಿರವೇ ಬಳ್ಳಿಗಾವಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನಗಳಿಗೂ ಭೇರುಂಡ ಕಂಬಕ್ಕೂ ಎರಡು ಗಂಟೆಯಾದರೂ ಕೊಡಿ. ಶಿಕಾರಿಪುರ ದಾಟಿ ಈಸೂರಿಗೆ ತಿರುಗಿ. 1942ರಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ತಮ್ಮದೇ ಸರ್ಕಾರ ಸಾರಿದ ಹಳ್ಳಿ ಅದು. ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಿದರು. ಅವರ ಸ್ಮಾರಕವಿದೆ. ಕಟ್ಟೆಯ ಮೇಲೆ ಹಿರಿಯರು ಸಿಕ್ಕರೆ ಕೂತು ಕೇಳಿ, ಮನೆಮನೆಯಲ್ಲಿ ಆ ಕಥೆ ಇದೆ.

ಈಸೂರನ್ನು ಮೂರು ಗಂಟೆಗೆ ಬಿಟ್ಟರೆ ರಾತ್ರಿ ತೀರಾ ತಡವಾಗದೆ ಬೆಂಗಳೂರು ಸೇರುತ್ತೀರಿ. ಅದಕ್ಕೆ ಸಾಗರದಿಂದ ಬೆಳಗ್ಗೆ ಆರಕ್ಕೇ ಹೊರಡಬೇಕು. ತಾಳಗುಂದ, ಬಳ್ಳಿಗಾವಿಯಲ್ಲಿ ತಿಂಡಿ ನೆಚ್ಚಿಕೊಳ್ಳಬೇಡಿ, ಶಿರಾಳಕೊಪ್ಪದಲ್ಲೇ ತಿಂದುಕೊಂಡು ಮುಂದೆ ಹೋಗಿ.